ಪಂಚಾಂಗದ ಕೆಳಗೆ ಸೂರ್ಯನಿಗೂ ಎರಡು ಸಾಲು ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ಬಂದ ಕೂಡಲೇ ನಾನು ಮೊದಲು ನೋಡುವುದು ಮುಖಪುಟವಲ್ಲ, ಒಳಪುಟದ ಮೂಲೆಯಲ್ಲಿರುವ ಪಂಚಾಂಗ. ನಂಬಿಕೆಗಿಂತ ಜಾಸ್ತಿ ಅದು ರೂಢಿ. ಅಪ್ಪ ಹಾಗೇ ಓದುತ್ತಿದ್ದರು, ನನಗೂ ಅದೇ ಬಂತು. ತಿಥಿ, ನಕ್ಷತ್ರ, ರಾಹುಕಾಲ, ಸೂರ್ಯೋದಯ ಇಷ್ಟಕ್ಕೆ, ಸೂರ್ಯಾಸ್ತ ಇಷ್ಟಕ್ಕೆ. ಸೂರ್ಯ ಎಷ್ಟು ಹೊತ್ತಿಗೆ ಬರುತ್ತಾನೆ, ಎಷ್ಟು ಹೊತ್ತಿಗೆ ಹೋಗುತ್ತಾನೆ ಅಂತ ನೀವು ದಿನಾ ತಪ್ಪದೆ ಹೇಳುತ್ತೀರಿ. ಹೇಗಿದ್ದಾನೆ ಅಂತ ಮಾತ್ರ ಒಂದು ದಿನವೂ ಹೇಳಿಲ್ಲ. ಅದನ್ನು ನೋಡಿಕೊಂಡು ಇರೋಕೆ ಅಂತಲೇ ನಾವು 15 ಲಕ್ಷ ಕಿಲೋಮೀಟರ್ ಆಚೆಗೆ ಆದಿತ್ಯ-ಎಲ್1 ಅಂತ ಒಂದು ನೌಕೆ ಕಳಿಸಿ ಕೂರಿಸಿದ್ದೇವೆ, ಅಲ್ವಾ?

ಈ ಪತ್ರಕ್ಕೆ ಕಾರಣ ನಮ್ಮ ಮನೆಯ ವಾಟ್ಸಾಪ್ ಗುಂಪು. ಮೊನ್ನೆ ರಾತ್ರಿ ಒಂದು ಸಂದೇಶ ಬಂತು. ಇವತ್ತು ರಾತ್ರಿ ಸೌರ ಬಿರುಗಾಳಿ, ಮೊಬೈಲ್ ಮೈಯಿಂದ ದೂರ ಇಡಿ, ಇಂಟರ್‌ನೆಟ್ ತಿಂಗಳುಗಟ್ಟಲೆ ಇರೋದಿಲ್ಲ, ಹತ್ತು ಜನಕ್ಕೆ ಕಳಿಸಿ. ಕಳಿಸಿದವರು ಯಾರೋ, ಬರೆದವರು ಯಾರೋ. ತಾರೀಖೇ ಇಲ್ಲ. ಅದೇ ಹೊತ್ತಿಗೆ ಯಾವುದೋ ವಾಹಿನಿಯಲ್ಲಿ ಕೆಂಪು ಬೆಂಕಿಯ ಚಿತ್ರ ಹಾಕಿ ಕೂಗಾಡುತ್ತಿದ್ದರು. ನಮ್ಮ ಅತ್ತಿಗೆ ಫೋನ್ ಮಾಡಿ, “ಏನಪಾ, ನಿನ್ನ ರೇಡಿಯೋದಾಗ ಏನರ ಹೇಳಿದ್ರೇನು? ನಾ ಅಂತೂ ಫ್ರಿಜ್ ಬಂದ್ ಮಾಡೇನಿ” ಅಂದರು. ಬೆಳಿಗ್ಗೆ ಹೊತ್ತಿಗೆ ಹಾಲು ಒಡೆದಿತ್ತು. ಸೂರ್ಯನ ಪಾಲು ಅದರಲ್ಲಿ ಏನೂ ಇರಲಿಲ್ಲ.

ಅತ್ತಿಗೆ ನನ್ನನ್ನೇ ಯಾಕೆ ಕೇಳಿದರು ಅಂದರೆ ನಾನು ಹ್ಯಾಮ್ ರೇಡಿಯೊ ಹುಚ್ಚಿನವನು, ಹವ್ಯಾಸಕ್ಕೆ ಮನೆಯಿಂದಲೇ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವವನು. ಲೈಸೆನ್ಸ್ ಇದೆ, ಮಾಳಿಗೆ ಮೇಲೆ ಎರಡು ಕಂಬದ ನಡುವೆ ಉದ್ದ ತಂತಿ ಕಟ್ಟಿದ್ದೇನೆ, ಅದರ ಮೇಲೆ ಬಟ್ಟೆ ಒಣಗಿ ಹಾಕಲು ಮನೆಯವಳನ್ನು ನಾನು ಬಿಡುವುದಿಲ್ಲ ಅನ್ನುವುದು ನಮ್ಮಿಬ್ಬರ ಬಹಳ ಹಳೆಯ ಜಗಳ. ಶಾರ್ಟ್‌ವೇವ್‌ನಲ್ಲಿ ಮಾತಾಡುವವರಿಗೆ ಸೂರ್ಯ ದೂರದ ದೇವರಲ್ಲ, ಪಕ್ಕದ ಮನೆಯ ಮುಂಗೋಪಿ. ಅವನು ಸರಿ ಇದ್ದರೆ ಹುಬ್ಬಳ್ಳಿಯಿಂದ ಜಪಾನಿನವನ ಜೊತೆ ಮಾತಾಡಬಹುದು, ಕೆಟ್ಟರೆ ಬೆಳಗಾವಿಯವನೂ ಕೇಳುವುದಿಲ್ಲ.

2024ರ ಮೇ 10, ಶುಕ್ರವಾರ. ಬಸವ ಜಯಂತಿ, ರಜೆ. ಮಧ್ಯಾಹ್ನ ಊಟಕ್ಕೆ ಮೊದಲು ಸೆಟ್ ಹಾಕಿಕೊಂಡು ಕೂತಿದ್ದೆ. ಹನ್ನೆರಡೂವರೆಯ ಸುಮಾರಿಗೆ ಇದ್ದಕ್ಕಿದ್ದಂತೆ ಎಲ್ಲಾ ಮೌನ. ಮಾತಾಡುತ್ತಿದ್ದವರು ಬಾವಿಗೆ ಬಿದ್ದಂತೆ ಮಾಯ. ಗುಯ್ ಅನ್ನುವ ಸದ್ದೂ ಕಡಿಮೆಯಾಯಿತು. ಅಳಿಲು ವೈರ್ ಕಡಿದಿರಬೇಕು ಅಂತ ಸುಡು ಬಿಸಿಲಲ್ಲಿ ಮಾಳಿಗೆ ಹತ್ತಿದೆ. ವೈರ್ ಸರಿ ಇತ್ತು. ಕೆಳಗೆ ಬಂದು ಕನೆಕ್ಟರ್ ಬಿಚ್ಚಿ ಉಜ್ಜಿದೆ. ಆಮೇಲೆ ನಿಧಾನಕ್ಕೆ ಒಬ್ಬೊಬ್ಬರ ದನಿ ವಾಪಸ್ ಬಂತು. ಸಂಜೆ ಗೊತ್ತಾಯಿತು, 12 ಗಂಟೆ 24 ನಿಮಿಷಕ್ಕೆ ಸೂರ್ಯನ ಮೇಲೆ ಒಂದು ದೊಡ್ಡ ಸೌರಜ್ವಾಲೆ ಉಕ್ಕಿತ್ತು, ಎಕ್ಸ್ ದರ್ಜೆಯದ್ದು, ಅಂದರೆ ಎಲ್ಲಕ್ಕಿಂತ ಜೋರಿನ ದರ್ಜೆ. ನಮಗೆ ನಡುಹಗಲು, ನೆತ್ತಿಯ ಮೇಲೆ ಸೂರ್ಯ, ಹಾಗಾಗಿ ಪೂರ್ತಿ ಹೊಡೆತ ನಮ್ಮ ಕಡೆಗೇ ಬಿದ್ದಿತ್ತು.

ಆದದ್ದು ಇಷ್ಟೇ. ನಮ್ಮ ತಲೆಯ ಮೇಲೆ ಎತ್ತರದಲ್ಲಿ ಅಯಾನುಗೋಳ ಅಂತ ಪದರಗಳಿವೆ. ಮೇಲಿನ ಪದರ ನಮ್ಮ ರೇಡಿಯೊ ಅಲೆಯನ್ನು ಕನ್ನಡಿಯಂತೆ ವಾಪಸ್ ಕಳಿಸುತ್ತದೆ, ಅದಕ್ಕೇ ದೂರದೂರಿಗೆ ಮಾತು ಹೋಗುತ್ತದೆ. ಸೌರಜ್ವಾಲೆಯ ಎಕ್ಸ್ ಕಿರಣ ಬಂದರೆ ಕೆಳಗಿನ ಪದರ ದಪ್ಪವಾಗಿ ಅಲೆಯನ್ನು ಮೇಲೆ ಹೋಗುವ ಮೊದಲೇ ನುಂಗಿಬಿಡುತ್ತದೆ. ಎಕ್ಸ್ ಕಿರಣವೂ ಬೆಳಕೇ, ಹಾಗಾಗಿ ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದುಬಿಡುತ್ತದೆ. ಅದಕ್ಕೆ ಮುನ್ನೆಚ್ಚರಿಕೆ ಕೊಡಲು ಯಾರಿಂದಲೂ ಆಗದು, ಕಂಡಾಗಲೇ ಬಂದಾಯಿತು.

ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಉತ್ತರ ಧ್ರುವದ ಕಡೆಯವರು ನೋಡುವ ಧ್ರುವಪ್ರಭೆ ನಮ್ಮ ದೇಶದ ಕ್ಯಾಮೆರಾದಲ್ಲಿ ಸಿಕ್ಕಿತು. ಎಷ್ಟೋ ಕಡೆ ಇವೆರಡನ್ನೂ ಕಲಸಿ ಒಂದೇ ಸುದ್ದಿ ಮಾಡಿದ್ದರು. ಎರಡೂ ಬೇರೆ, ಸಾರ್. ಮಧ್ಯಾಹ್ನ ನನ್ನ ರೇಡಿಯೊ ನುಂಗಿದ್ದು ಬೆಳಕು. ರಾತ್ರಿ ಆಕಾಶ ಕೆಂಪು ಮಾಡಿದ್ದು ಬಿಸಿ ಅನಿಲದ ಮೋಡಗಳು, ತಮ್ಮ ಕಾಂತಬಲವನ್ನು ಹೊತ್ತುಕೊಂಡೇ ಬರುವಂಥವು. ಅವು ಎರಡು ದಿನ ಮೊದಲೇ, ಮೇ 8, 9ರ ಹೊತ್ತಿಗೆ, ಒಂದರ ಹಿಂದೆ ಒಂದು ಸೂರ್ಯನಿಂದ ಹೊರಟಿದ್ದವು. ನಿಧಾನ ಅಂದರೂ ಸೆಕೆಂಡಿಗೆ ನೂರಾರು ಕಿಲೋಮೀಟರ್. ಬೆಳಕಿನದು ಬೈಕ್ ಸವಾರಿ ಅಂದರೆ ಇವುಗಳದ್ದು ಪಾದಯಾತ್ರೆ. ಈ ಪಾದಯಾತ್ರೆಯವರ ವಿಷಯದಲ್ಲಿ ಮಾತ್ರ ನಮಗೆ ಮುನ್ನೆಚ್ಚರಿಕೆಯ ಅವಕಾಶ ಇದೆ. ಆದಿತ್ಯ-ಎಲ್1ರ ಮುಖ್ಯ ಉಪಯೋಗ ಇಲ್ಲೇ.

ಆದಿತ್ಯ ಹಾರಿದ್ದು 2023ರ ಸೆಪ್ಟೆಂಬರ್ 2ರಂದು, ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ. ಚಂದ್ರಯಾನ-3 ಇಳಿದು ಹತ್ತು ದಿನವಷ್ಟೇ ಆಗಿತ್ತು, ದೇಶಕ್ಕೆ ದೇಶವೇ ಸಿಹಿ ಹಂಚುತ್ತಿತ್ತು. ಎಲ್ಲಾ ಪತ್ರಿಕೆಗಳಲ್ಲೂ “ಸೂರ್ಯನ ಅಂಗಳಕ್ಕೆ” ಅಂತ ದಪ್ಪಕ್ಷರ. 2024ರ ಜನವರಿ 6ರಂದು ಅದು ತನ್ನ ಜಾಗ ಸೇರಿದಾಗ ಇನ್ನೊಂದು ಸುತ್ತು ಸಂಭ್ರಮ. ಆಮೇಲೆ? ಅದೇ ವರ್ಷ ಜುಲೈ 2ಕ್ಕೆ ಮೊದಲ ಸುತ್ತು ಮುಗಿಸಿತು, ಅದಕ್ಕೆ ಹಿಡಿದದ್ದು 178 ದಿನ. ಎಷ್ಟು ಜನಕ್ಕೆ ಗೊತ್ತು? ಮದುವೆಗೆ ಊರೆಲ್ಲ ಕರೆದು, ಮದುಮಗಳು ಗಂಡನ ಮನೆ ಸೇರಿದ ಮೇಲೆ ಹೇಗಿದ್ದಾಳೆ ಅಂತ ಒಬ್ಬರೂ ಕೇಳದ ಹಾಗಾಯಿತು.

“ಅಂಗಳ” ಅನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್. ಆದಿತ್ಯ ಹೋಗಿರುವುದು 15 ಲಕ್ಷ, ಅಂದರೆ ನೂರರಲ್ಲಿ ಒಂದು ಪಾಲು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟವನು ಉಣಕಲ್ ಕೆರೆ ದಂಡೆಗೆ ಹೋಗಿ ಕೂತಷ್ಟು ದೂರ. (ದಿಕ್ಕು ಬೇರೆ, ಬಿಡಿ, ಲೆಕ್ಕ ಮಾತ್ರ ನೋಡಿ.) ಅಂಗಳಕ್ಕೆ ನಿಜವಾಗಿ ಹೋದದ್ದು ಅಮೆರಿಕದ ಪಾರ್ಕರ್ ನೌಕೆ, 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಗೆ 61 ಲಕ್ಷ ಕಿಲೋಮೀಟರ್ ಹತ್ತಿರ. ಅದು ಹೋಗಿ ಮುಟ್ಟಿ ಬರುವ ಕೆಲಸ. ನಮ್ಮದು ಕೂತು ಕಾಯುವ ಕೆಲಸ. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಬೇಡಿ, ಹೊಲಕ್ಕೆ ಬೇಟೆಗಾರನೂ ಬೇಕು, ಮಂಚಿಗೆಯ ಮೇಲೆ ಕೂತು ಹಕ್ಕಿ ಹೊಡೆಯುವವನೂ ಬೇಕು.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಎಲ್1 ಅಂದರೆ ಸೂರ್ಯ ಮತ್ತು ಭೂಮಿಯ ಗುರುತ್ವ ಸಮ ಸಮ ಆಗುವ ಜಾಗ, ಅಲ್ಲಿ ನೌಕೆ ಸುಮ್ನೆ ನಿಲ್ಲುತ್ತದೆ ಅಂತ ಎಲ್ಲ ಕಡೆ ಬರೆದರು. ಈಗಲೂ ಬರೆಯುತ್ತಾರೆ, ಶಾಲೆಯಲ್ಲೂ ಹಾಗೇ ಹೇಳಿಕೊಡುತ್ತಾರೆ. ತಪ್ಪು. ಎರಡೂ ಸೆಳೆತ ಸಮ ಆಗುವ ಜಾಗ ನಮ್ಮಿಂದ ಸುಮಾರು 2.6 ಲಕ್ಷ ಕಿಲೋಮೀಟರಿನಲ್ಲೇ ಇದೆ, ಚಂದ್ರನಿಗಿಂತಲೂ ಹತ್ತಿರ. ಎಲ್1 ಅದಲ್ಲ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದವರು ನೆನಪು ಮಾಡಿಕೊಳ್ಳಿ. ನಡುವೆ ಮೇಟಿ, ಅದರ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಹತ್ತಿರದ ಎತ್ತಿಗೆ ಸುತ್ತು ಚಿಕ್ಕದು, ಹೊರಗಿನದಕ್ಕೆ ದೊಡ್ಡದು. ಹಗ್ಗ ಬಿಚ್ಚಿಬಿಟ್ಟರೆ ಒಳಗಿನದು ಬೇಗ ಸುತ್ತು ಮುಗಿಸಿ ಮುಂದೆ ಹೋಗಿಬಿಡುತ್ತದೆ. ಹಗ್ಗ ಇರುವುದಕ್ಕೇ ಎರಡೂ ಒಂದೇ ಸಾಲಿನಲ್ಲಿ ತಿರುಗುವುದು. ಸೂರ್ಯ ಮೇಟಿ, ಭೂಮಿ ಹೊರಗಿನ ಎತ್ತು, ಆದಿತ್ಯ ಒಳಗಿನ ಎತ್ತು. ಸೂರ್ಯನಿಗೆ ಹತ್ತಿರ ಇರುವುದು ಯಾವಾಗಲೂ ಬೇಗ ಸುತ್ತುತ್ತದೆ, ಬುಧನ ವರ್ಷ 88 ದಿನವಷ್ಟೇ. ಆದಿತ್ಯನೂ ನಮ್ಮನ್ನು ಹಿಂದೆ ಹಾಕಿ ಹೋಗಿಬಿಡಬೇಕಿತ್ತು. ಆದರೆ ಭೂಮಿ ಹಿಂದಿನಿಂದ ಸ್ವಲ್ಪ ಜಗ್ಗುತ್ತದೆ. ಸೂರ್ಯನ ಸೆಳೆತ ಅಷ್ಟರಮಟ್ಟಿಗೆ ಕಡಿಮೆಯಾದಂತಾಗಿ ಅದರ ವೇಗ ನಮ್ಮ ವರ್ಷಕ್ಕೆ ಸರಿಹೊಂದುತ್ತದೆ. ಹಾಗೆ ಸರಿಹೊಂದುವ ಜಾಗ 15 ಲಕ್ಷ ಕಿಲೋಮೀಟರಿನಲ್ಲಿದೆ, ಅದೇ ಎಲ್1. ಅಲ್ಲೂ ಅದು ಸುಮ್ನೆ ನಿಂತಿಲ್ಲ, ಆ ಬಿಂದುವಿನ ಸುತ್ತ ದೊಡ್ಡದಾಗಿ ಸುತ್ತು ಹಾಕುತ್ತದೆ. ಸರಿಯಾಗಿ ಗೆರೆಯ ಮೇಲೆ ಕೂತರೆ ನಮಗೆ ಅದರ ಹಿಂದೆ ನೇರ ಸೂರ್ಯ, ಅವನ ಗದ್ದಲದಲ್ಲಿ ನೌಕೆಯ ಸಣ್ಣ ದನಿ ಕೇಳುವುದೇ ಇಲ್ಲ. ಮತ್ತೆ ಆ ಜಾಗ ಗುಡ್ಡದ ತುದಿಯಂಥದ್ದು, ಸ್ವಲ್ಪ ಜರುಗಿದರೂ ಜಾರುತ್ತದೆ. ಹಾಗಾಗಿ ಆಗಾಗ ಸ್ವಲ್ಪ ಇಂಧನ ಉರಿಸಿ ದಾರಿಗೆ ತರುತ್ತಿರಬೇಕು.

ಅಷ್ಟು ದೂರ ಯಾಕೆ ಹೋಗಬೇಕು ಅಂದರೆ, ಅಲ್ಲಿ ರಾತ್ರಿ ಇಲ್ಲ. ಮೋಡ ಇಲ್ಲ, ಗ್ರಹಣ ಅಡ್ಡ ಬರುವುದಿಲ್ಲ. ಭೂಮಿಯ ಕಾಂತದ ಬೇಲಿಯ ಹೊರಗೆ ಇರುವುದರಿಂದ ಸೂರ್ಯನಿಂದ ಬರುವ ಗಾಳಿ ಮೊದಲು ಅದಕ್ಕೆ ಬಡಿದು ಆಮೇಲೆ ನಮಗೆ ಬಡಿಯುತ್ತದೆ. ಸೆಕೆಂಡಿಗೆ 500 ಕಿಲೋಮೀಟರಿನಂತೆ ಲೆಕ್ಕ ಹಾಕಿ, 50 ನಿಮಿಷ ಮೊದಲು ಗೊತ್ತಾಗುತ್ತದೆ. ವಿದ್ಯುತ್ ಗ್ರಿಡ್ ನೋಡಿಕೊಳ್ಳುವವರಿಗೆ, ಉಪಗ್ರಹ ನಡೆಸುವವರಿಗೆ 50 ನಿಮಿಷ ಕಡಿಮೆಯೇನಲ್ಲ. ಬಿರುಸಾಗಿ ಬಂದರೆ ಆ ಹೊತ್ತು ಕಾಲು ಗಂಟೆಗೆ ಇಳಿದುಬಿಡಬಹುದು, ಅದೂ ನಿಜ.

ಇನ್ನು ನನ್ನ ಸ್ವಂತ ಕಥೆ ಸ್ವಲ್ಪ ಕೇಳಿ. ಇದನ್ನು ಕತ್ತರಿಸಬೇಡಿ, ಬೇಕಾದರೆ ಮೇಲಿನ ಹಂತಿಯದ್ದನ್ನು ಕತ್ತರಿಸಿ.

1980ರ ಫೆಬ್ರವರಿ 16, ಶನಿವಾರ. ಪೂರ್ಣ ಸೂರ್ಯಗ್ರಹಣ. ನೆರಳಿನ ದಾರಿ ಅಂಕೋಲಾದಲ್ಲಿ ದಡ ಹತ್ತಿ, ಹುಬ್ಬಳ್ಳಿ ಮೇಲೆ ಹಾದು, ರಾಯಚೂರಿನ ಕಡೆಗೆ ಹೋಯಿತು. ಅದನ್ನು ನೋಡಲು ದೇಶ ವಿದೇಶದ ವಿಜ್ಞಾನಿಗಳು ಟೆಂಟ್ ಹಾಕಿಕೊಂಡು ಕಾದಿದ್ದರು. ನನಗೆ ಒಂಬತ್ತು ವರ್ಷ. ನಾನು ಅದೇ ಹುಬ್ಬಳ್ಳಿಯಲ್ಲಿ, ಅದೇ ನೆರಳಿನ ಕೆಳಗೆ, ಬಾಗಿಲು ಹಾಕಿದ ಮನೆಯೊಳಗೆ. ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದರು. ನೀರಿನ ಹಂಡೆಗೆ ದರ್ಬೆ. ಒಲೆ ಆರಿತ್ತು. “ಹೊರಗ ಹೋದ್ರ ಕಣ್ಣು ಹೊಕ್ಕಾವು ನೋಡು” ಅಂತ ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು, ಬರಿಗಣ್ಣಿನಲ್ಲಿ ಗ್ರಹಣ ನೋಡಿದರೆ ಕಣ್ಣು ಹೋಗುತ್ತದೆ, ಅದು ನಿಜ. ಆದರೆ ಚಂದ್ರ ಪೂರ್ತಿ ಮುಚ್ಚಿದ ಆ ಮೂರು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಬರಿಗಣ್ಣಿನಲ್ಲೇ ನೋಡಬಹುದಿತ್ತು. ನೋಡಲೇಬೇಕಿತ್ತು.

ಎಲ್ಲ ಮುಚ್ಚಿದವರು ಮಾಳಿಗೆಯ ಬೆಳಕಿಂಡಿ ಮರೆತಿದ್ದರು. ಅದರ ಮೇಲಿನ ತಗಡಿಗೆ ಸಣ್ಣ ತೂತು. ದಿನಾ ಅದರಿಂದ ನಡುಮನೆಯ ನೆಲದ ಮೇಲೆ ಒಂದು ದುಂಡನೆಯ ಬಿಸಿಲ ಬಿಲ್ಲೆ ಬೀಳುತ್ತಿತ್ತು. ಅವತ್ತು ಆ ಬಿಲ್ಲೆಯನ್ನು ಯಾರೋ ಕಚ್ಚಿದಂತೆ ಒಂದು ಕಡೆ ಸವೆಯಿತು. ಅರ್ಧವಾಯಿತು. ಚೌತಿಯ ಚಂದ್ರನಷ್ಟಾಯಿತು. ಆಮೇಲೆ ಇಲ್ಲವೇ ಇಲ್ಲ. ಮನೆಯೊಳಗೆ ಕತ್ತಲೆ, ಅಜ್ಜಿಯ ಮಣಮಣ ಮಂತ್ರ. ನಾನು ನೆಲ ನೋಡುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗೆರೆಯಂತೆ ಬೆಳಕು ವಾಪಸ್ ಬಂತು, ಈ ಸಲ ಇನ್ನೊಂದು ಬದಿಯಿಂದ. ಸೂರ್ಯನ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಆದರೆ ನೆಲದ ಮೇಲೆ ಕಾಣದ್ದು ಹೊರಗಿತ್ತು. ಕಪ್ಪು ತಟ್ಟೆಯ ಸುತ್ತ ಬೆಳ್ಳಗೆ ಹರಡಿದ ಕರೋನಾ.

ಕರೋನಾ ಅಂದರೆ ಈಗ ಜನ ಮಾಸ್ಕ್ ಹುಡುಕುತ್ತಾರೆ, ಏನು ಮಾಡುವುದು. ಆ ವೈರಸ್ಸಿಗೆ ಹೆಸರು ಬಂದದ್ದೇ ಕಿರೀಟದಂತೆ ಕಾಣುತ್ತದೆ ಅಂತ. ನಾನಾದರೆ ಇದನ್ನು ಪ್ರಭಾವಳಿ ಅನ್ನುತ್ತೇನೆ, ಗುಡಿಯಲ್ಲಿ ಮೂರ್ತಿಯ ಹಿಂದೆ ಇರುತ್ತದಲ್ಲ, ಹಾಗೆ. ಸೂರ್ಯನ ತಟ್ಟೆಯ ಬೆಳಕಿನ ಮುಂದೆ ಅದು ಹತ್ತು ಲಕ್ಷದಲ್ಲಿ ಒಂದು ಪಾಲು. ಹಾಗಾಗಿ ಗ್ರಹಣ ಹಿಡಿಯದೆ ಕಾಣುವುದಿಲ್ಲ. ಮೂರು ನಿಮಿಷಕ್ಕಾಗಿ ವಿಜ್ಞಾನಿಗಳು ಪ್ರಪಂಚ ಸುತ್ತುವುದು ಇದಕ್ಕೇ. 1868ರ ಆಗಸ್ಟ್ 18ರ ಗ್ರಹಣ ನೋಡಲು ಆಂಧ್ರದ ಗುಂಟೂರಿಗೆ ಫ್ರಾನ್ಸಿನಿಂದ ಖಗೋಳ ವಿಜ್ಞಾನಿ ಜಾನ್ಸೆನ್ ಬಂದಿದ್ದರು. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯಿಂದಲೇ ಮುಂದೆ ಹೀಲಿಯಂ ಅನ್ನುವ ಮೂಲವಸ್ತು ಗೊತ್ತಾಯಿತು. ಮರುವರ್ಷ ಇನ್ನೊಂದು ಗ್ರಹಣದಲ್ಲಿ ಕರೋನಾದೊಳಗೆ ಒಂದು ಹಸಿರು ಗೆರೆ ಕಂಡಿತು. ಅದೂ ಹೊಸ ಮೂಲವಸ್ತುವೇ ಅಂದುಕೊಂಡು ಕರೋನಿಯಂ ಅಂತ ಹೆಸರಿಟ್ಟರು. ಎಪ್ಪತ್ತು ವರ್ಷ ಆದ ಮೇಲೆ ತಿಳಿಯಿತು, ಅದು ಹೊಸದೇನಲ್ಲ, ನಮ್ಮ ಕುಡುಗೋಲಿನ ಕಬ್ಬಿಣವೇ. ಅದರ 26 ಎಲೆಕ್ಟ್ರಾನುಗಳಲ್ಲಿ 13 ಕಿತ್ತುಹೋಗಿದ್ದವು. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ ಬಿಸಿ ಹತ್ತು ಲಕ್ಷ ಡಿಗ್ರಿ ದಾಟಬೇಕು. ಆದರೆ ಸೂರ್ಯನ ಮೇಲ್ಮೈ ಬಿಸಿ ಇರುವುದೇ 5500 ಡಿಗ್ರಿ! ಒಲೆಯಿಂದ ದೂರ ಹೋದಷ್ಟೂ ಬಿಸಿ ಜಾಸ್ತಿಯಾಗುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ಆದಿತ್ಯದ ದೊಡ್ಡ ಉಪಕರಣ ಇದನ್ನೇ ನೋಡುವುದು. ಹೆಸರು ವಿಇಎಲ್‌ಸಿ. ಕಟ್ಟಿದವರು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು, ಹೊಸಕೋಟೆಯ ತಮ್ಮ ಕ್ಯಾಂಪಸ್ಸಿನಲ್ಲಿ. 2023ರ ಜನವರಿ 26ರಂದು ಇಸ್ರೋಗೆ ಒಪ್ಪಿಸಿದರು. ಅದರೊಳಗೆ ಸೂರ್ಯನ ತಟ್ಟೆಯ ಬೆಳಕನ್ನು ತೆಗೆದುಹಾಕುವ ವ್ಯವಸ್ಥೆ ಇದೆ, ಅಂದರೆ ಕೈಯಾರೆ ಮಾಡಿದ ಗ್ರಹಣ. ಕನ್ನಡಿಯ ಮೇಲೆ ಒಂದು ಧೂಳಿನ ಕಣ ಕೂತರೂ ತಟ್ಟೆಯ ಬೆಳಕು ಚೆದುರಿ ಪ್ರಭಾವಳಿಯನ್ನು ಮುಳುಗಿಸಿಬಿಡುತ್ತದೆ, ಹಾಗಾಗಿ ಅದನ್ನು ಜೋಡಿಸಿದ ಕೋಣೆಯ ಶುಚಿ ನಮ್ಮ ಯಾವ ಅಜ್ಜಿಯ ಮಡಿಗೂ ಕಡಿಮೆಯದ್ದಲ್ಲ. ನಿಮಿಷಕ್ಕೊಂದು, ದಿನಕ್ಕೆ 1440 ಚಿತ್ರ ಕಳಿಸುವಂತೆ ರೂಪಿಸಿದ್ದು. ಆ ಹಸಿರು ಗೆರೆಯನ್ನೂ ಅದು ನೋಡುತ್ತದೆ. 1980ರಲ್ಲಿ ನನಗೆ ಅಜ್ಜಿ ತೋರಿಸದ ಮೂರು ನಿಮಿಷವನ್ನು ಈಗ ಹೊಸಕೋಟೆಯಲ್ಲಿ ಕಟ್ಟಿದ ಪೆಟ್ಟಿಗೆಯೊಂದು ಹಗಲು ರಾತ್ರಿ ನೋಡುತ್ತಾ ಕೂತಿದೆ ಅನ್ನುವುದನ್ನು ಯೋಚಿಸಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಉಳಿದ ಆರು ಉಪಕರಣಗಳ ಬಗ್ಗೆ ಬರೆದರೆ ನೀವು ಪತ್ರ ಕಸದ ಬುಟ್ಟಿಗೆ ಹಾಕುತ್ತೀರಿ. ನೇರಳಾತೀತ ಬೆಳಕಿನಲ್ಲಿ ಪೂರ್ತಿ ಸೂರ್ಯನ ಚಿತ್ರ ತೆಗೆಯುವುದು ಪುಣೆಯವರದ್ದು. ಎಕ್ಸ್ ಕಿರಣ ಅಳೆಯುವ ಎರಡು ನಮ್ಮ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು, ನನ್ನ ರೇಡಿಯೊ ನುಂಗುವ ಕಿರಣ ಅಳೆಯುವುದು ಇವೇ. ಗಾಳಿಯನ್ನು ಅಲ್ಲೇ ರುಚಿ ನೋಡುವ ಎರಡು ಅಹಮದಾಬಾದ್, ತಿರುವನಂತಪುರದವು. ಕಾಂತಬಲ ಅಳೆಯುವುದಕ್ಕೆ ಆರು ಮೀಟರಿನ ಕೈ ಇದೆ. ನೌಕೆಯ ಸ್ವಂತ ಕಾಂತದಿಂದ ದೂರ ಇರಲಿ ಅಂತ ಅಷ್ಟುದ್ದ. ಬಂದ ಮಾಹಿತಿ ಬ್ಯಾಲಾಳಿನ ಕೇಂದ್ರದಲ್ಲಿ ಶೇಖರವಾಗುತ್ತದೆ. ಬಿಡದಿ ಕಡೆ ಹೋಗುವವರಿಗೆ ಅಲ್ಲಿನ 32 ಮೀಟರಿನ ದೊಡ್ಡ ತಟ್ಟೆ ಗೊತ್ತಿರುತ್ತದೆ, ಚಂದ್ರಯಾನ-1ರ ಕಾಲದ್ದು.

ಹಾಗಂತ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದಿಲ್ಲ. ಈ ಯೋಜನೆಯ ಮಾತು ಶುರುವಾದದ್ದು 2008ರಲ್ಲಿ. ಆಗ ಇದು 400 ಕಿಲೋ ತೂಕದ ಸಣ್ಣ ಉಪಗ್ರಹ, ಭೂಮಿಯ ಮೇಲೆ 800 ಕಿಲೋಮೀಟರ್ ಎತ್ತರದಲ್ಲಿ ಸುತ್ತಬೇಕಿತ್ತು, ಒಂದೇ ಉಪಕರಣ. ಆಮೇಲೆ ದೊಡ್ಡದಾಯಿತು, ಏಳಾಯಿತು, ಎಲ್1ಕ್ಕೆ ಹೊರಟಿತು, ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಸೂರ್ಯನ ಒಂದು ಪೂರ್ತಿ ಸುಗ್ಗಿ ತಪ್ಪಿಹೋಯಿತು. ಸೂರ್ಯನಿಗೆ ಸುಮಾರು 11 ವರ್ಷಕ್ಕೊಮ್ಮೆ ಕಪ್ಪು ಕಲೆ, ಜ್ವಾಲೆ ಎಲ್ಲ ಉಕ್ಕುವ ಕಾಲ ಬರುತ್ತದೆ. ಮುಂದಿನ ಸುಗ್ಗಿ 2024ಕ್ಕೆ ಬಂತು, ಆ ಹೊತ್ತಿಗೆ ಆದಿತ್ಯ ಜಾಗದಲ್ಲಿತ್ತು, ಅದು ಅದೃಷ್ಟ. ತಡವಾದದ್ದೇ ಒಳ್ಳೆಯದಾಯಿತು ಅಂತ ಹೇಳುವವರ ಪೈಕಿ ನಾನಲ್ಲ. ಇನ್ನೊಂದು ವಿಷಯ ಇಸ್ರೋದವರೇ ಮುಚ್ಚಿಡದೆ ಹೇಳಿದ್ದಾರೆ. 2024ರ ಮೇ 10, 11ರ ಆ ದೊಡ್ಡ ಬಿರುಗಾಳಿಯ ದಿನ ವಿಇಎಲ್‌ಸಿಯೂ ಪುಣೆಯವರ ದೂರದರ್ಶಕವೂ ತಯಾರಿಯ ಕೆಲಸದಲ್ಲಿದ್ದವು, ಘಟನೆ ನೋಡಲು ಆಗಲಿಲ್ಲ. ಅವುಗಳ ಬಾಗಿಲು ತೆರೆದದ್ದು 14ಕ್ಕೆ. ಎಕ್ಸ್ ಕಿರಣದ ಉಪಕರಣಗಳು, ಗಾಳಿ ಅಳೆಯುವವು, ಕಾಂತಮಾಪಕ ಎಲ್ಲ ತಮ್ಮ ಕೆಲಸ ಮಾಡಿದವು. ಆದರೆ ಮುಖ್ಯ ಕಣ್ಣೇ ಮುಚ್ಚಿತ್ತು. ಓದಿದಾಗ ನನಗೆ ನಗು ಬಂತು. ನೌಕೆಯೂ ನನ್ನ ಹಾಗೇ ಒಳಗೆ ಕೂತಿತ್ತಲ್ಲ ಅಂತ! ಆಮೇಲೆ ಅದೇ ವರ್ಷ ಜುಲೈ 16ರಂದು ಸೂರ್ಯ ಉಗುಳಿದ ಮೋಡ ಹೊರಟ ಹೊತ್ತನ್ನು ವಿಇಎಲ್‌ಸಿ ಸರಿಯಾಗಿ ಹಿಡಿಯಿತು. ಅದಕ್ಕೂ ಮೊದಲು, 2024ರ ಫೆಬ್ರವರಿ 22ರ ದೊಡ್ಡ ಜ್ವಾಲೆಯನ್ನು ಪುಣೆಯವರ ದೂರದರ್ಶಕ ಹಿಡಿದಿತ್ತು. ಖರ್ಚು, ಉಡಾವಣೆಯದ್ದು ಬಿಟ್ಟು, 378 ಕೋಟಿ ರೂಪಾಯಿ ಚಿಲ್ಲರೆ. ನಮ್ಮ ದುಡ್ಡು. ಏನಾಯಿತು ಅಂತ ಕೇಳುವ ಹಕ್ಕೂ ನಮ್ಮದೇ.

ಹೆದರುವುದಕ್ಕೆ ಏನೂ ಇಲ್ಲವಾ ಅಂತ ಅತ್ತಿಗೆ ಕೇಳಿದರು. ಇದೆ, ಆದರೆ ಫ್ರಿಜ್ಜಿಗೆ ಅಲ್ಲ. ಸೌರ ಬಿರುಗಾಳಿ ಕೈಯಲ್ಲಿರುವ ಮೊಬೈಲಿಗೆ ಏನೂ ಮಾಡುವುದಿಲ್ಲ. ಅದು ಹಿಡಿಯುವುದು ಉದ್ದ ತಂತಿಗಳನ್ನು, ಮೇಲಿನ ಉಪಗ್ರಹಗಳನ್ನು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನಕ್ಕೆ ಒಂಬತ್ತು ಗಂಟೆ ಕರೆಂಟ್ ಹೋಯಿತು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದಕ್ಕೇ ಮೇಲಿನ ವಾತಾವರಣ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹಾಳಾದವು. ಕೆನಡಾ ಕಾಂತಧ್ರುವದ ಹತ್ತಿರ, ಅಲ್ಲಿ ಹೊಡೆತ ಜಾಸ್ತಿ. ನಾವು ಕಾಂತದ ಸಮಭಾಜಕಕ್ಕೆ ಹತ್ತಿರ, ನಮ್ಮ ಗ್ರಿಡ್ಡಿಗೆ ಅಷ್ಟು ಭಯವಿಲ್ಲ. ಹಾಗಂತ ಪೂರ್ತಿ ನಿಶ್ಚಿಂತೆಯೂ ಬೇಡ. 1859ರ ಸೆಪ್ಟೆಂಬರಿನ ಮಹಾ ಬಿರುಗಾಳಿಗೆ ಯುರೋಪು, ಅಮೆರಿಕದ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತ್ತು. ಆ ದಿನ ಭೂಮಿಯ ಕಾಂತಬಲ ಎಷ್ಟು ಕುಸಿಯಿತು ಅನ್ನುವುದಕ್ಕೆ ಇವತ್ತಿಗೂ ಪ್ರಪಂಚದವರೆಲ್ಲ ತೆಗೆದು ನೋಡುವ ದಾಖಲೆ ಮುಂಬೈಯ ಕೊಲಾಬಾ ವೀಕ್ಷಣಾಲಯದ್ದು! ನಮ್ಮವರು ಆಗಲೇ ಸೂಜಿ ನೋಡಿ ಬರೆದಿಟ್ಟಿದ್ದರು.

ಬರೆದಿಡುವ ಈ ಅಭ್ಯಾಸ ನಮ್ಮಲ್ಲಿ ಹೊಸದಲ್ಲ ಅನ್ನುವುದಕ್ಕೆ ಕೊಡೈಕನಾಲ್ ಇದೆ. ನೂರು ವರ್ಷಕ್ಕೂ ಜಾಸ್ತಿಯಿಂದ ಅಲ್ಲಿ ಸೂರ್ಯನ ಫೋಟೊ ತೆಗೆಯುತ್ತಿದ್ದಾರೆ, ಮೋಡವಿಲ್ಲದ ಪ್ರತಿ ದಿನ. ಸೂರ್ಯನ ಕಲೆಯೊಳಗೆ ಅನಿಲ ಹೊರಕ್ಕೆ ಹರಿಯುವುದನ್ನು ವಿಜ್ಞಾನಿ ಎವರ್ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲೇ. ಗೌರಿಬಿದನೂರಿನ ಹತ್ತಿರ ಬಯಲಲ್ಲಿ ಕಂಬಗಳ ಸಾಲು ನಿಲ್ಲಿಸಿ ಸೂರ್ಯನ ರೇಡಿಯೊ ದನಿ ಕೇಳುತ್ತಿದ್ದಾರೆ. ನನ್ನ ಮಾಳಿಗೆ ತಂತಿಯ ದೊಡ್ಡಣ್ಣ ಅನ್ನಿ. 2024ರ ಡಿಸೆಂಬರ್ 5ರಂದು ಯುರೋಪಿನವರು ತಮ್ಮ ಪ್ರೋಬಾ-3 ಹಾರಿಸಿದ್ದು ಕೂಡ ನಮ್ಮ ಶ್ರೀಹರಿಕೋಟಾದಿಂದಲೇ. ಎರಡು ನೌಕೆ 150 ಮೀಟರ್ ಅಂತರದಲ್ಲಿ ಹಾರುತ್ತಾ ಒಂದು ಇನ್ನೊಂದಕ್ಕೆ ಗ್ರಹಣ ಹಿಡಿಸುವಂತೆ ರೂಪಿಸಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಬೇಡಿಕೆ ಪುರವಣಿಯಲ್ಲ, ವಿಶೇಷ ಲೇಖನವೂ ಅಲ್ಲ. ದಿನಾ ಮೂರು ಅಂಕಿ ಸಾಕು. ಇವತ್ತು ಸೂರ್ಯನ ಮೇಲೆ ಎಷ್ಟು ಕಲೆ. ನಿನ್ನೆಯ ದೊಡ್ಡ ಜ್ವಾಲೆ ಯಾವ ದರ್ಜೆಯದ್ದು, ಎ, ಬಿ, ಸಿ, ಎಂ, ಎಕ್ಸ್, ಒಂದಕ್ಕಿಂತ ಮುಂದಿನದು ಹತ್ತು ಪಟ್ಟು ಜೋರು. ಭೂಮಿಯ ಕಾಂತ ಎಷ್ಟು ಅಲ್ಲಾಡಿತು, ಸೊನ್ನೆಯಿಂದ ಒಂಬತ್ತರವರೆಗೆ. ಇವು ದಿನಾ ಪುಕ್ಕಟೆ ಸಿಗುತ್ತವೆ, ಅಮೆರಿಕದ ಹವಾಮಾನ ನೋಡಿಕೊಳ್ಳುವ ನೋವಾ (NOAA) ಸಂಸ್ಥೆ ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಆದಿತ್ಯದ ಮಾಹಿತಿಯನ್ನೂ ಇಸ್ರೋ 2025ರ ಜನವರಿಯಿಂದ ಎಲ್ಲರಿಗೂ ತೆರೆದಿದೆ, ವಾರಕ್ಕೊಮ್ಮೆ ಅದರಿಂದ ಒಂದು ಚಿತ್ರ ಹಾಕಿದರೂ ಸಂತೋಷ.

ಓದುವವರು ಯಾರು ಅಂತ ಕೇಳುತ್ತೀರಿ, ಗೊತ್ತು. ಮಳೆಯ ಮಿಲಿಮೀಟರ್ ಯಾರು ಓದುತ್ತಾರೆ? ತುಂಗಭದ್ರೆಯ ಒಳಹರಿವು ಇಷ್ಟು ಕ್ಯೂಸೆಕ್ ಅಂತ ಹಾಕುತ್ತೀರಿ, ಕ್ಯೂಸೆಕ್ ಅಂದರೇನು ಅಂತ ಎಷ್ಟು ಜನಕ್ಕೆ ಗೊತ್ತು? ಆದರೂ ನಿನ್ನೆಗಿಂತ ಇವತ್ತು ಜಾಸ್ತಿಯಾ ಕಡಿಮೆಯಾ ಅಂತ ಎಲ್ಲರೂ ನೋಡುತ್ತಾರೆ, ಕಟ್ಟೆಯ ಮೇಲೆ ಕೂತು ಚರ್ಚೆ ಮಾಡುತ್ತಾರೆ. ಸೂರ್ಯನ ಅಂಕಿಯೂ ಹಾಗೇ ರೂಢಿಯಾಗುತ್ತದೆ. ಆಗ ಯಾರೋ ತಾರೀಖಿಲ್ಲದ ಸಂದೇಶ ಕಳಿಸಿದರೆ ನಮ್ಮ ಅತ್ತಿಗೆ ಪೇಪರ್ ತೆಗೆದು, “ಇವತ್ತು ಬರೇ ಎರಡು ಐತಿ, ಸುಮ್ನ ಕೂಡ್ರೋ” ಅನ್ನುತ್ತಾರೆ.

ಜಾಗ ಇಲ್ಲ ಅನ್ನಬೇಡಿ. ಸ್ಕೇಲ್ ಇಟ್ಟು ಅಳೆದಿದ್ದೇನೆ. ರಾಹುಕಾಲದ ಕೆಳಗೆ, ಗೆರೆಯ ಮೇಲೆ, ಒಂದು ಬೆರಳಿನಷ್ಟು ಖಾಲಿ ಇದೆ.

ಇಂತಿ,
ನಿಮ್ಮ ಹಳೇ ಓದುಗ,
ಹುಬ್ಬಳ್ಳಿ